ದಿನಬಳಕೆಯ ಹೀಬ್ರೂ: ಸಂತೆ, ಹಬ್ಬ ಮತ್ತು ಮನೆಮಾತಿನ ಪಾಠ

ಜಗತ್ತಿನ ಭಾಷೆಗಳ ಇತಿಹಾಸದಲ್ಲಿ ಹೀಬ್ರೂ ಭಾಷೆಯ ಸ್ಥಾನ ವಿಶಿಷ್ಟವಾದುದು. ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿಗೆ ಜನರ ಆಡುಮಾತಾಗಿ ನಿಂತುಹೋದ ಈ ಭಾಷೆ, ಮುಂದಿನ ಹದಿನೇಳು ಶತಮಾನಗಳ ಕಾಲ ಪ್ರಾರ್ಥನೆ, ಶಾಸ್ತ್ರಾಧ್ಯಯನ, ಕಾವ್ಯ, ಪತ್ರವ್ಯವಹಾರಗಳಲ್ಲಿ ಮಾತ್ರ ಉಸಿರಾಡುತ್ತಿದ್ದಿತು. ಅದನ್ನು ಸಂಪೂರ್ಣವಾಗಿ ಮೃತಭಾಷೆ ಎನ್ನುವುದು ಸರಿಯಲ್ಲ. ಆದರೆ ಆ ಭಾಷೆಯಲ್ಲಿ ತೊಟ್ಟಿಲು ತೂಗುವ ತಾಯಿಯಾಗಲೀ ತರಕಾರಿಯ ಬೆಲೆಗೆ ಜಗಳಾಡುವ ಗಿರಾಕಿಯಾಗಲೀ ಇರಲಿಲ್ಲ. ಇಂದು ಸುಮಾರು ತೊಂಬತ್ತು ಲಕ್ಷ ಜನ ಅದನ್ನಾಡುತ್ತಾರೆ. ಗ್ರಂಥದೊಳಗಿನ ನುಡಿ ಬೀದಿಗಿಳಿದ ಬಗೆ ಹೇಗೆ ಎಂಬುದನ್ನು ತಿಳಿದರೆ, ಹೊಸಬನೊಬ್ಬನು ಅದನ್ನು ಇಂದು ಹೇಗೆ ಕಲಿಯಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ಈಗಿನ ಬೆಲಾರೂಸಿನ ಲುಝ್ಕಿ ಎಂಬ ಊರಿನಲ್ಲಿ ೧೮೫೮ರಲ್ಲಿ ಜನಿಸಿದ ಎಲಿಯೆಜರ್ ಬೆನ್ ಯೆಹೂದಾ ೧೮೮೧ರಲ್ಲಿ ಜೆರೂಸಲೇಮಿಗೆ ಬಂದು ನೆಲಸಿದನು. ತನ್ನ ಮನೆಯಲ್ಲಿ ಹೀಬ್ರೂ ಅಲ್ಲದೆ ಬೇರೊಂದು ಮಾತು ಕೇಳಿಸಕೂಡದೆಂಬುದು ಅವನ ಕಠಿಣ ನಿಯಮವಾಗಿದ್ದಿತು. ೧೮೮೨ರಲ್ಲಿ ಹುಟ್ಟಿದ ಹಿರಿಯ ಮಗ ಈ ನಿಯಮದಡಿಯಲ್ಲಿಯೇ ಬೆಳೆದನು. ಜೊತೆಗಾರರಿಲ್ಲದ ಆ ಮಗುವಿಗೆ ಮಾತು ಬಂದದ್ದು ಬಹಳ ತಡವಾಗಿ. ತಾಯಿ ದೆಬೋರಾ ಒಮ್ಮೆ ಮೈಮರೆತು ರಷ್ಯನ್ ಜೋಗುಳವೊಂದನ್ನು ಹಾಡಿದಾಗ ತಂದೆ ಕೆರಳಿದ ಸಂಗತಿಯನ್ನು ಆ ಮಗನೇ, ಅಂದರೆ ಇತಾಮಾರ್ ಬೆನ್ ಆವಿ, ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಭಾಷೆಯ ಪುನರುಜ್ಜೀವನವನ್ನು ಹೊಗಳುವವರು ಆ ಮಗುವಿನ ಏಕಾಂತವನ್ನೂ ನೆನೆಯಬೇಕಾದುದು ನ್ಯಾಯ.

ಮನೆಯ ವ್ರತಕ್ಕೆ ಮೊದಲು ಎದುರಾದ ತೊಡಕು ಪದಗಳ ಕೊರತೆ. ಬೈಬಲ್ಲಿನಲ್ಲಿ ದೇವದೂತರಿಗೆ ಹೆಸರುಂಟು. ಗೊಂಬೆಗೆ, ಟವೆಲಿಗೆ, ಬೈಸಿಕಲ್ಲಿಗೆ ಹೆಸರಿಲ್ಲ. ಬೆನ್ ಯೆಹೂದಾ ಹಳೆಯ ಧಾತುಗಳಿಂದ ಹೊಸ ಪದಗಳನ್ನು ಕಡೆದನು. ‘ಎತ್’ ಎಂದರೆ ಕಾಲ. ಅದರಿಂದ ‘ಇತೋನ್’ ಎಂದರೆ ವೃತ್ತಪತ್ರಿಕೆ. ‘ಮಿಲಾ’ ಎಂದರೆ ಪದ. ಅದರಿಂದ ‘ಮಿಲೋನ್’ ಎಂದರೆ ನಿಘಂಟು. ಗಾಲಿಗೆ ‘ಓಫಾನ್’ ಎಂಬ ಪುರಾತನ ಶಬ್ದವಿದ್ದಿತು. ದ್ವಿವಚನದ ಪ್ರತ್ಯಯ ಹಚ್ಚಿದೊಡನೆ ‘ಓಫನಾಯಿಮ್’, ಎರಡು ಗಾಲಿಯದು, ಬೈಸಿಕಲ್ ಆಯಿತು. ಸಂಸ್ಕೃತ ಓದಿದ ವಿದ್ಯಾರ್ಥಿಗೆ ದ್ವಿವಚನವೆಂದರೆ ಪರೀಕ್ಷೆಯ ಭೀತಿ. ಹೀಬ್ರೂವಿನಲ್ಲಿಯಾದರೋ ಅದು ಕಣ್ಣು, ಕಿವಿ, ಕೈ, ಕಾಲುಗಳ ಹೆಸರುಗಳಲ್ಲಿಯೂ ‘ಎರಡು ದಿನ’, ‘ಎರಡು ವರ್ಷ’ ಎಂಬ ನಿತ್ಯದ ಮಾತುಗಳಲ್ಲಿಯೂ ಸಹಜವಾಗಿ ಉಳಿದುಕೊಂಡಿದೆ. ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಿ ಹೊಳೆಯುವ ಯಾವುದೋ ವಸ್ತುವಿಗೆ ಬಂದಿರುವ ‘ಹಶ್ಮಾಲ್’ ಎಂಬ ಶಬ್ದ ಕವಿ ಯೆಹೂದಾ ಲೇಬ್ ಗೋರ್ಡನ್ನನ ಕೈಯಲ್ಲಿ ವಿದ್ಯುಚ್ಛಕ್ತಿಯಾಗಿ, ಇಂದು ಮನೆಮನೆಯ ಕರೆಂಟ್ ಬಿಲ್ಲಿನ ಮೇಲೆ ಕುಳಿತಿದೆ. ಎಲ್ಲ ಹೊಸ ಪದಗಳೂ ನಿಂತವೆಂದಲ್ಲ. ಟೆಲಿಫೋನು ‘ಟೆಲೆಫೋನ್’ ಆಗಿಯೇ ಉಳಿಯಿತು. ಬೆನ್ ಯೆಹೂದಾ ೧೯೨೨ರಲ್ಲಿ ತೀರಿಕೊಂಡನು. ಅವನು ಆರಂಭಿಸಿದ ಹದಿನೇಳು ಸಂಪುಟಗಳ ಮಹಾನಿಘಂಟು ಮುಗಿದದ್ದು ೧೯೫೯ರಲ್ಲಿ.

ಒಬ್ಬನೇ ವ್ಯಕ್ತಿ ಒಂದು ಭಾಷೆಯನ್ನು ಎಬ್ಬಿಸಿದನೆಂಬ ಕಥೆ ಮಾತ್ರ ಅತಿರಂಜಿತವಾದುದು. ಹೊಸ ಕೃಷಿಗ್ರಾಮಗಳ ಶಾಲೆಗಳಲ್ಲಿ ಗಣಿತ, ಭೂಗೋಳಗಳನ್ನೂ ಹೀಬ್ರೂವಿನಲ್ಲಿಯೇ ಕಲಿಸಿದ ಅಧ್ಯಾಪಕರು, ಆಟದ ಬಯಲಿನಲ್ಲಿ ಅದನ್ನೇ ಆಡಿದ ಮಕ್ಕಳು ಇಲ್ಲದಿದ್ದರೆ ನಿಘಂಟು ನಿಘಂಟಾಗಿಯೇ ಉಳಿಯುತ್ತಿತ್ತು.

೧೯೪೮ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಮೇಲೆ ಮೂರೂವರೆ ವರ್ಷಗಳಲ್ಲಿ ಸುಮಾರು ಏಳು ಲಕ್ಷ ಜನ ವಲಸೆ ಬಂದರು. ಪೋಲೆಂಡಿನವನು ಯಿದ್ದಿಷ್, ಬಾಗ್ದಾದಿನವನು ಅರಬ್ಬಿ, ಬಲ್ಗೇರಿಯದವನು ಲಡಿನೋ ಆಡುತ್ತಿದ್ದನು. ವೈದ್ಯನಿಗೆ ರೋಗಿಯ ಮಾತು ತಿಳಿಯದು, ಅಧ್ಯಾಪಕನಿಗೆ ಕೆಲಸವಿಲ್ಲ. ಇಂಥವರಿಗಾಗಿ ೧೯೪೯ರಲ್ಲಿ ಜೆರೂಸಲೇಮಿನಲ್ಲಿ ‘ಉಲ್ಪಾನ್ ಎತ್ಸಿಯೋನ್’ ಎಂಬ ಪ್ರಥಮ ಭಾಷಾಶಿಬಿರ ತೆರೆಯಿತು. ಶಿಕ್ಷಣತಜ್ಞ ಮೊರ್ದೆಖಾಯ್ ಕಾಮ್ರಾತ್ ಇದರ ಪ್ರವರ್ತಕ. ‘ಉಲ್ಪಾನ್’ ಎಂಬುದಕ್ಕೆ ಮೂಲ ‘ಕಲಿಸು’ ಎಂಬರ್ಥದ ಅರಮಾಯಿಕ್ ಧಾತು. ಇಲ್ಲಿ ಭಾಷಾಂತರಕ್ಕೆ ಅವಕಾಶವಿಲ್ಲ. ಮೊದಲ ದಿನದಿಂದಲೇ ಹೀಬ್ರೂವನ್ನು ಹೀಬ್ರೂವಿನಲ್ಲಿಯೇ ಕಲಿಸುವುದು ಪದ್ಧತಿ. ಪಾಠದ ವಸ್ತು ರಾಜರ ವಂಶಾವಳಿಯಲ್ಲ. ಬಸ್ಸು, ಅಂಚೆ ಕಚೇರಿ, ಔಷಧದ ಅಂಗಡಿ. ಕಿಬ್ಬುತ್ಸ್ ಎಂಬ ಸಾಮುದಾಯಿಕ ಗ್ರಾಮಗಳಲ್ಲಿ ಅರ್ಧ ದಿನ ಹೊಲದ ದುಡಿಮೆ, ಅರ್ಧ ದಿನ ಪಾಠ ಎಂಬ ಏರ್ಪಾಡೂ ನಡೆಯಿತು. ಹೊಸ ಓದುಗರಿಗಾಗಿ ಸ್ವರಚಿಹ್ನೆಗಳನ್ನಿಟ್ಟು ಸುಲಭ ನುಡಿಯಲ್ಲಿ ಅಚ್ಚಾಗುವ ‘ಓಮೆರ್’ ಎಂಬ ದಿನಪತ್ರಿಕೆ ೧೯೫೧ರಲ್ಲಿ ಹೊರಟಿತು. ಸ್ವರಚಿಹ್ನೆಗಳ ಮಾತು ಇಲ್ಲಿ ಮುಖ್ಯ. ಇಪ್ಪತ್ತೆರಡು ಅಕ್ಷರಗಳ, ಬಲದಿಂದ ಎಡಕ್ಕೆ ಸಾಗುವ ಈ ಲಿಪಿಯಲ್ಲಿ ಸಾಮಾನ್ಯ ಬರವಣಿಗೆ ಬಹುಮಟ್ಟಿಗೆ ವ್ಯಂಜನಗಳಿಂದಲೇ ನಡೆಯುತ್ತದೆ. ಕಾಗುಣಿತವಿಲ್ಲದ ಕನ್ನಡವನ್ನು ಊಹಿಸಿಕೊಂಡರೆ ಕಲಿಯುವವನ ಪಾಡು ಅರ್ಥವಾದೀತು.

ಆದರೆ ಈ ಕಷ್ಟಕ್ಕೆ ಪರಿಹಾರವೂ ಭಾಷೆಯೊಳಗೇ ಇದೆ. ಬಹುಪಾಲು ಶಬ್ದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಕ್-ತ್-ವ್ ಎಂಬ ಮೂರನ್ನು ಹಿಡಿದರೆ ‘ಕಾತವ್’ ಬರೆದನು, ‘ಮಿಖ್ತಾವ್’ ಪತ್ರ, ‘ಕ್ತೋವೆತ್’ ವಿಳಾಸ, ‘ಕತಾವಾ’ ಪತ್ರಿಕೆಯ ವರದಿ. ಜೆರೂಸಲೇಮಿನ ಮಹನೇ ಯೆಹೂದಾ ಸಂತೆಗೆ ಹೋದರೆ ಇನ್ನೊಂದು ಧಾತು ಕಾದಿರುತ್ತದೆ. ‘ಇದೆಷ್ಟು?’ ಎನ್ನಲು ‘ಕಾಮಾ ಝೆ ಓಲೆ?’ ಎನ್ನುತ್ತಾರೆ, ಪದಶಃ ‘ಇದು ಎಷ್ಟು ಏರುತ್ತದೆ?’ ಬಸ್ಸು ಹತ್ತುವುದಕ್ಕೂ ಅದೇ ಧಾತು. ‘ಮಾಅಲೀತ್’ ಎಂದರೆ ಮಹಡಿಗೆ ಒಯ್ಯುವ ಲಿಫ್ಟು. ಪ್ರಾರ್ಥನಾಮಂದಿರದಲ್ಲಿ ತೋರಾ ವಾಚನಕ್ಕೆ ಮುಂದೆ ಬರುವುದು ‘ಅಲಿಯಾ’. ಆ ದೇಶಕ್ಕೆ ವಲಸೆ ಬರುವುದೂ ‘ಅಲಿಯಾ’. ಹೀಗೆ ಹಣ್ಣಿನ ಬೆಲೆ ಕೇಳುತ್ತಲೇ ಒಂದು ಜನಾಂಗದ ಮನೋಧರ್ಮದ ಪಾಠವಾಗುತ್ತದೆ. ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು. ಸಂಖ್ಯೆಗಳಿಗೂ ಲಿಂಗವುಂಟು, ಅದೂ ತಿರುಗುಮುರುಗಾಗಿ ತೋರುವಂಥದು. ವ್ಯಾಕರಣದ ಪ್ರಕಾರ ಹತ್ತು ಶೆಕೆಲ್ ನಾಣ್ಯಗಳು ‘ಅಸಾರಾ ಶ್ಕಾಲಿಮ್’ ಆಗಬೇಕು. ಸಂತೆಯವನು ‘ಎಸೆರ್ ಶೆಕೆಲ್’ ಎಂದು ಕೂಗುತ್ತಾನೆ. ಪಂಡಿತರು ನಿಟ್ಟುಸಿರು ಬಿಡುತ್ತಾರೆ. ಆಡುವವರು ತಪ್ಪನ್ನೂ ಮಾಡುವಷ್ಟು ಭಾಷೆ ಬದುಕಿದೆಯಲ್ಲ ಎಂದು ಅವರು ಸಂತೋಷಪಡುವುದೇ ಲೇಸು!

ವಾರದ ಹೆಸರುಗಳು ಸುಲಭ. ಭಾನುವಾರ ‘ಮೊದಲ ದಿನ’, ಸೋಮವಾರ ‘ಎರಡನೆಯ ದಿನ’, ಶುಕ್ರವಾರದವರೆಗೆ ಹೀಗೆಯೇ. ಏಳನೆಯದಕ್ಕೆ ಮಾತ್ರ ಹೆಸರುಂಟು, ‘ಶಬ್ಬಾತ್’. ದಿನವು ಸೂರ್ಯಾಸ್ತದಿಂದ ಆರಂಭವಾಗುವುದರಿಂದ ಶುಕ್ರವಾರ ಮಧ್ಯಾಹ್ನವೇ ಅಂಗಡಿಗಳು ಮುಚ್ಚತೊಡಗಿ, ಹೆಚ್ಚಿನ ಊರುಗಳಲ್ಲಿ ಬಸ್ಸುಗಳೂ ನಿಲ್ಲುತ್ತವೆ. ‘ಶಬ್ಬಾತ್ ಶಾಲೋಮ್’ ಎಂಬ ಮಾತು ಆಗ ಧಾರ್ಮಿಕನಿಂದಲೂ ನಾಸ್ತಿಕನಿಂದಲೂ ಕೇಳಿಬರುತ್ತದೆ. ಶನಿವಾರ ಕತ್ತಲಾದ ಮೇಲೆ ಅದು ‘ಶಾವುಆ ತೋವ್’ ಎಂದಾಗುತ್ತದೆ, ಅಂದರೆ ‘ಒಳ್ಳೆಯ ವಾರ’.

ಹಬ್ಬಗಳ ಕಡೆಗೆ ತಿರುಗಿದರೆ ಕನ್ನಡಿಗನಿಗೆ ಅಪರಿಚಿತವೆನಿಸದ ಒಂದು ಸಂಗತಿ ಗೋಚರಿಸುತ್ತದೆ. ಹೀಬ್ರೂ ಪಂಚಾಂಗವೂ ಚಾಂದ್ರಮಾಸಗಳದು. ಸೌರವರ್ಷದೊಡನೆ ಹೊಂದಿಸಲು ಹತ್ತೊಂಬತ್ತು ವರ್ಷಗಳಿಗೆ ಏಳು ಸಲ ಅಧಿಕಮಾಸ ಸೇರಿಸುತ್ತಾರೆ. ಆದಕಾರಣ ಹೊಸ ವರ್ಷದ ‘ರೋಶ್ ಹಶಾನಾ’ ಅನೇಕ ವರ್ಷಗಳಲ್ಲಿ ನವರಾತ್ರಿಯ ಆರಂಭದ ಆಸುಪಾಸಿನಲ್ಲಿಯೂ, ಪರ್ಣಕುಟಿಯ ಹಬ್ಬ ‘ಸುಕ್ಕೋತ್’ ಶೀಗಿ ಹುಣ್ಣಿಮೆಯ ವೇಳೆಗೂ, ವೇಷದ ಹಬ್ಬ ‘ಪೂರಿಮ್’ ಹೋಳಿ ಹುಣ್ಣಿಮೆಗೂ ಬೀಳುತ್ತವೆ. ೨೦೨೫ರಲ್ಲಿ ಪೂರಿಮ್ ಮತ್ತು ಹೋಳಿ ಎರಡೂ ಮಾರ್ಚ್ ೧೪ರಂದೇ ಬಂದವು. ಎರಡು ಪಂಚಾಂಗಗಳ ಅಧಿಕಮಾಸ ಬೇರೆಬೇರೆ ಕಾಲದಲ್ಲಿ ಬಂದಾಗ ಒಂದು ತಿಂಗಳ ಅಂತರವಾಗುವುದುಂಟು.

ಪ್ರತಿ ಹಬ್ಬವೂ ಒಂದು ಪಾಠ. ರೋಶ್ ಹಶಾನಾದಲ್ಲಿ ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತ ‘ಶಾನಾ ತೋವಾ’ ಎಂದು ಹಾರೈಸುವಾಗ ವರ್ಷವೆಂಬುದು ಸ್ತ್ರೀಲಿಂಗವೆಂದು, ಆದುದರಿಂದಲೇ ‘ತೋವ್’ ಹೋಗಿ ‘ತೋವಾ’ ಬಂದಿತೆಂದು ತಿಳಿಯುತ್ತದೆ. ಉಪವಾಸದ ಯೋಮ್ ಕಿಪ್ಪೂರಿನಂದು ವಾಹನಗಳಿಲ್ಲದ ಹೆದ್ದಾರಿಗಳಲ್ಲಿ ಮಕ್ಕಳು ‘ಓಫನಾಯಿಮ್’ ಏರಿ ಸುತ್ತುತ್ತಾರೆ. ದೀಪಗಳ ಹಬ್ಬ ಹನುಕ್ಕಾದಲ್ಲಿ ‘ಸೆವಿವೋನ್’ ಎಂಬ ನಾಲ್ಕು ಮುಖದ ಬುಗುರಿ ಆಡುತ್ತಾರೆ. ಅದರ ನಾಲ್ಕು ಅಕ್ಷರಗಳು ‘ನೇಸ್ ಗಾದೋಲ್ ಹಾಯಾ ಪೋ’ ಎಂಬ ವಾಕ್ಯದ ಮೊದಲಕ್ಷರಗಳು. ‘ಇಲ್ಲಿ ಮಹಾ ಪವಾಡವಾಯಿತು’ ಎಂದರ್ಥ. ಇಸ್ರೇಲಿನ ಹೊರಗೆ ಕೊನೆಯ ಅಕ್ಷರ ಬದಲಾಗಿ ‘ಅಲ್ಲಿ’ ಎಂದಾಗುತ್ತದೆ. ಈ ಬುಗುರಿಯೊಂದರಲ್ಲಿಯೇ ವಿಶೇಷಣವು ವಿಶೇಷ್ಯದ ನಂತರ ಬರುವ ನಿಯಮವೂ ಭೂತಕಾಲದ ರೂಪವೂ ಅಡಗಿವೆ. ಪೆಸಾಹ್ ಹಬ್ಬದ ರಾತ್ರಿಯಂತೂ ಮನೆಯ ಅತಿ ಕಿರಿಯ ಮಗುವೇ ಪ್ರಶ್ನೆ ಕೇಳಬೇಕು, ಹಿರಿಯರು ಉತ್ತರಿಸಬೇಕು. ಪ್ರಶ್ನಾರ್ಥಕಗಳನ್ನು ಕಲಿಸಲು ಇದಕ್ಕಿಂತ ಉತ್ತಮ ತರಗತಿ ದುರ್ಲಭ.

ಎಲ್ಲ ಪದಗಳೂ ಹಬ್ಬದಿಂದ ಬಂದವಲ್ಲ. ನರಮೇಧದ ಸ್ಮರಣೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ದೇಶದಾದ್ಯಂತ ಎರಡು ನಿಮಿಷ ಸೈರನ್ ಮೊಳಗಿದಾಗ ಹೆದ್ದಾರಿಯ ಕಾರುಗಳೂ ನಿಂತು ಜನ ಇಳಿದು ತಲೆಬಾಗುತ್ತಾರೆ. ಏರಿಳಿತವಿಲ್ಲದ ಈ ಧ್ವನಿ ‘ತ್ಸಫೀರಾ’. ಏರುತ್ತ ಇಳಿಯುತ್ತ ಬರುವುದು ‘ಅಝಾಕಾ’. ಅದನ್ನು ಕೇಳಿದೊಡನೆ ‘ಮಿಕ್ಲಾತ್’ ಎಂಬ ಆಶ್ರಯಕೋಣೆಗೆ ಓಡಬೇಕು. ೨೦೨೩ರ ಅಕ್ಟೋಬರ್ ೭ರಂದು, ಸಿಮ್ಹಾತ್ ತೋರಾ ಹಬ್ಬದ ಮುಂಜಾನೆ, ಹಮಾಸ್ ದಾಳಿಯಲ್ಲಿ ಸುಮಾರು ೧೨೦೦ ಜನ ಹತರಾಗಿ ೨೫೧ ಜನ ಒತ್ತೆಯಾಳುಗಳಾದ ಮೇಲೆ ‘ಹತುಫೀಮ್’, ಎಂದರೆ ‘ಕಸಿದೊಯ್ಯಲ್ಪಟ್ಟವರು’, ಎಂಬ ಪದ ಪ್ರತಿ ಗೋಡೆಯ ಮೇಲೂ ಕಾಣಿಸಿತು. ಆ ಬಳಿಕದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಗೋಳಾಡಿದವರ ಅರಬ್ಬಿಯು ಹೀಬ್ರೂವಿನ ಸೋದರಭಾಷೆ. ‘ಶಾಲೋಮ್’ ಮತ್ತು ‘ಸಲಾಮ್’ ಒಂದೇ ಬೇರಿನವು. ಮನೆಗೆ ‘ಬಾಯಿತ್’ ಮತ್ತು ‘ಬೈತ್’. ಇಸ್ರೇಲಿನ ಪ್ರಜೆಗಳಲ್ಲಿ ಸುಮಾರು ಐದನೆಯ ಒಂದು ಪಾಲು ಅರಬರು. ೨೦೧೮ರ ಶಾಸನದವರೆಗೂ ಅರಬ್ಬಿ ಅಲ್ಲಿನ ಎರಡನೆಯ ಅಧಿಕೃತ ಭಾಷೆಯಾಗಿದ್ದಿತು, ಅನಂತರ ಅದಕ್ಕೆ ‘ವಿಶೇಷ ಸ್ಥಾನ’ ಮಾತ್ರ ಉಳಿಯಿತು. ಬೀದಿಯ ಹೀಬ್ರೂ ಮಾತ್ರ ಈ ಶಾಸನವನ್ನು ಲೆಕ್ಕಿಸದೆ ‘ಯಲ್ಲಾ’, ‘ಸಬಾಬಾ’, ‘ಅಹ್ಲನ್’ ಎಂದು ದಿನವಿಡೀ ಅರಬ್ಬಿಯನ್ನೇ ಎರವಲು ಪಡೆಯುತ್ತಿದೆ.

ಭಾರತದ ನಂಟು ಹಳೆಯದು. ಎಸ್ತೇರಳ ಗ್ರಂಥದಲ್ಲಿ ಭಾರತಕ್ಕೆ ‘ಹೋದು’ ಎಂಬ ಹೆಸರಿದೆ, ಇಂದಿಗೂ ಅದೇ. ಸೊಲೊಮನ್ನನ ಹಡಗುಗಳು ತಂದ ‘ತುಕ್ಕಿ’ಗಳು ನವಿಲುಗಳೆಂದೂ, ಅದು ತಮಿಳಿನ ‘ತೋಕೈ’ ಶಬ್ದವೆಂದೂ ವಿದ್ವಾಂಸರು ಊಹಿಸುತ್ತಾರೆ. ಕನ್ನಡದ ‘ತೋಕೆ’ ಅದರ ಬಂಧು. ಇಂದಿನ ಹೀಬ್ರೂವಿನಲ್ಲಿ ಅದೇ ‘ತುಕ್ಕಿ’ ಗಿಳಿಯಾಗಿದೆ. ಕೊಚ್ಚಿಯಿಂದ, ಕೊಂಕಣ ತೀರದಿಂದ ಹೋಗಿ ನೆಲಸಿದ ಯೆಹೂದ್ಯರ ಹಿರಿಯರು ಮನೆಯಲ್ಲಿ ಮಲಯಾಳ, ಮರಾಠಿಗಳನ್ನು ಉಳಿಸಿಕೊಂಡರು. ಮೊಮ್ಮಕ್ಕಳ ಬಾಯಲ್ಲಿ ಅವು ಬಹುಪಾಲು ಅಡಿಗೆಯ ಹೆಸರುಗಳಾಗಿ ಮಾತ್ರ ಉಳಿದಿವೆ.

ಇತ್ತೀಚಿನ ದಶಕಗಳಲ್ಲಿ ಕೇರಳದಿಂದಲೂ ಕರಾವಳಿ ಕರ್ನಾಟಕದಿಂದಲೂ ವೃದ್ಧರ ಶುಶ್ರೂಷೆಗೆಂದು ಸಾವಿರಾರು ಜನ ಅಲ್ಲಿಗೆ ಹೋಗಿದ್ದಾರೆ. ಅವರ ಪಾಠಶಾಲೆ ಅಡಿಗೆಮನೆ ಮತ್ತು ಹಾಸಿಗೆಯ ಪಕ್ಕ. ಅವರನ್ನು ಕಾಡುವುದು ಕ್ರಿಯಾಪದದ ಲಿಂಗ. ‘ನಾನು ಕಲಿಯುತ್ತೇನೆ’ ಎನ್ನಲು ಗಂಡಸು ‘ಅನೀ ಲೋಮೆದ್’ ಎಂದರೆ ಹೆಂಗಸು ‘ಅನೀ ಲೋಮೆದೆತ್’ ಎನ್ನಬೇಕು. ಎಂಬತ್ತರ ವೃದ್ಧರನ್ನೂ ‘ನೀನು’ ಎಂದೇ ಮಾತನಾಡಿಸಬೇಕಾದುದು ಇನ್ನೊಂದು ಸಂಕೋಚ. ಗೌರವದ ಬಹುವಚನ ಆ ಭಾಷೆಯಲ್ಲಿಲ್ಲ, ಮಕ್ಕಳು ಅಧ್ಯಾಪಕರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಆದರೆ ವಾಕ್ಯರಚನೆಯಲ್ಲಿ ಕನ್ನಡಿಗನಿಗೆ ಅನಿರೀಕ್ಷಿತ ಸೌಲಭ್ಯವೊಂದುಂಟು. ‘ನಾನು ವಿದ್ಯಾರ್ಥಿ’ ಎಂಬಲ್ಲಿ ಕನ್ನಡದಂತೆಯೇ ಹೀಬ್ರೂವಿಗೂ ಕ್ರಿಯಾಪದ ಬೇಡ: ‘ಅನೀ ತಲ್ಮೀದ್’. ಒಡೆತನವನ್ನು ಹೇಳುವಾಗಲೂ ‘ನನಗೆ ಇದೆ’ ಎಂಬ ಧಾಟಿಯಲ್ಲಿಯೇ ‘ಯೇಶ್ ಲೀ’ ಎನ್ನುತ್ತಾರೆ. ರಾತ್ರಿ ವೃದ್ಧೆಯೊಬ್ಬಳು ‘ಕರ್ ಲೀ’ ಎಂದರೆ ‘ನನಗೆ ಚಳಿ’. ‘ಹಮ್ ಲೀ’ ಎಂದರೆ ‘ನನಗೆ ಸೆಕೆ’. ‘ಕೋಏವ್ ಲೀ’ ಎಂದರೆ ‘ನನಗೆ ನೋಯುತ್ತಿದೆ’. ‘ಲೀ’ ಎಂಬ ಆ ಪುಟ್ಟ ಶಬ್ದ ಕನ್ನಡದ ‘ನನಗೆ’ಯೇ. ಮಂಗಳೂರು ಕಡೆಯ ಶುಶ್ರೂಷಕಿ ಅದನ್ನು ಬೇರೆ ಧಾಟಿಗೆ ತಿರುಗಿಸಿಕೊಳ್ಳಬೇಕಾಗಿಲ್ಲ. ಕೇಳಿದೊಡನೆ ಎದ್ದು ಹೊದಿಕೆ ತರಬಹುದು.