ಮೀನು ಮಂಕಾಯಿತೇ? ಔಷಧಿಗೆ ಮೊದಲು ನೀರು ನೋಡಿ

ಅಕ್ವೇರಿಯಂನ ಮೀನು ಮೂಲೆ ಹಿಡಿಯಿತೆಂದರೆ ಬಹಳ ಜನ ಅಂಗಡಿಗೆ ಓಡಿ ನೀಲಿ ಔಷಧಿ ತಂದು ಸುರಿಯುತ್ತಾರೆ. ಅದಕ್ಕೂ ಮೊದಲು ಗಾಜಿನ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ.

ಮೀನುಗಳೆಲ್ಲ ಒಟ್ಟಿಗೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮೊದಲ ಅನುಮಾನ ನೀರಿನ ಮೇಲಿರಲಿ. ರಾತ್ರಿ ಕರೆಂಟು ಹೋಗಿ ಏರ್ ಪಂಪ್ ನಿಂತಿತ್ತೇ? ನಲ್ಲಿ ನೀರನ್ನು ನೇರವಾಗಿ ತುಂಬಿದಿರಾ? ಹೊಳೆನರಸೀಪುರದಂಥ ಪಟ್ಟಣದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಕಿವಿರನ್ನು ಸುಡುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಹಳೇಕೋಟೆ ಕಡೆಯ ಹಳ್ಳಿಯಲ್ಲಿದ್ದು ಬೋರ್‌ವೆಲ್ ನೀರು ಹಾಕುವವರಿಗೆ ಆ ಕಾಟವಿಲ್ಲ. ಆದರೆ ಯಾವ ನೀರೇ ಆಗಲಿ, ಅದರ ಪಿಎಚ್ ಏರಿದಷ್ಟೂ ಮೀನಿನ ಕಸ, ಮಿಕ್ಕ ಆಹಾರದಿಂದ ಹುಟ್ಟುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲವಾದರೆ ಮೂರನೇ ಒಂದು ಭಾಗ ನೀರು ಬದಲಿಸಿ, ಎರಡು ದಿನ ಆಹಾರ ನಿಲ್ಲಿಸಿ. ಫಿಲ್ಟರ್ ಸ್ಪಂಜನ್ನು ನಲ್ಲಿಯಡಿ ಹಿಡಿದು ಉಜ್ಜಬೇಡಿ. ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು.

ನೀರು ಸರಿಯಿದ್ದೂ ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆಗಳಿದ್ದರೆ, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ, ಅದು ‘ಇಕ್’ ಎಂಬ ಪರಾವಲಂಬಿಯ ಕೆಲಸ. ಹಾಸನ ಸೀಮೆಯ ಚಳಿಗಾಲದಲ್ಲಿ ತೊಟ್ಟಿ ರಾತ್ರಿ ತಣ್ಣಗಾಗಿ ಮೀನು ಸೋತಿರುವಾಗ ಇದಕ್ಕೆ ಸುಲಭದ ಅವಕಾಶ. ಚರ್ಮದೊಳಗೆ ಕೂತ ಪರಾವಲಂಬಿಗೆ ಔಷಧಿ ತಟ್ಟುವುದಿಲ್ಲ. ಅದು ಉದುರಿ, ತಳದ ಕಲ್ಲಿನಲ್ಲಿ ಒಡೆದು, ನೂರಾರು ಮರಿಗಳು ಈಜುತ್ತ ಹೊರಟಾಗ ಮಾತ್ರ ಸಾಯಿಸಬಹುದು. ಆದ್ದರಿಂದ ಹೀಟರಿನಿಂದ ನೀರನ್ನು ಒಂದೆರಡು ದಿನಗಳಲ್ಲಿ ನಿಧಾನವಾಗಿ 28 ಡಿಗ್ರಿಗೆ ಏರಿಸಿ. ಪರಾವಲಂಬಿಯ ಜೀವನಚಕ್ರ ಬೇಗ ಮುಗಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ನಿಲ್ಲಕೂಡದು. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಬೇರೆ ಪಾತ್ರೆಯಲ್ಲಿ ಕರಗಿಸಿ, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. 50 ಲೀಟರಿನ ತೊಟ್ಟಿಗೆ 100 ಗ್ರಾಂ. ಗಿಡಗಳಿಗೆ ಉಪ್ಪು ಆಗದು, ಅವನ್ನು ಮೊದಲೇ ತೆಗೆದಿಡಿ. ಚುಕ್ಕೆ ಮಾಯವಾದ ಮೇಲೂ ಒಂದು ವಾರ ಮುಂದುವರಿಸಿ. ಇಲ್ಲಿ ಅವಸರಪಟ್ಟವರ ಮನೆಗೇ ಇಕ್ ಮರಳಿ ಬರುವುದು.

ಹೊಟ್ಟೆ ಉಬ್ಬಿ ಹುರುಪೆ ನಿಮಿರಿ ನಿಂತರೆ ಉಳಿಯುವ ಆಸೆ ಕಡಿಮೆ. ಆ ಮೀನನ್ನು ಬೇರೆ ತೊಟ್ಟಿಗೆ ಹಾಕಿ, ಬಲೆಯನ್ನೂ ಬೇರೆ ಮಾಡಿ. ಕನಿಕರಪಟ್ಟು ಹೇಮಾವತಿಗೋ ಊರ ಕೆರೆಗೋ ಬಿಡಬೇಡಿ. ರೋಗ ಅಲ್ಲಿನ ಮೀನಿಗೂ ಅಂಟೀತು.