ನಾನು ನೋಡಿದ ಫೋಟೋ ಪ್ರದರ್ಶನ ಮತ್ತು ನಮ್ಮ ಮುತ್ಯಾನ ಫೋಟೋ

 

ಸೂಟಿಯಲ್ಲಿ ಬೆಂಗಳೂರಿನ ನಮ್ಮ ಕಾಕಾನ ಮನೆಗೆ ಹೋಗಿದ್ದೆ. ಕಾಕಾ ಒಂದು ದಿನ ಕಸ್ತೂರಬಾ ರಸ್ತೆಯ ಮ್ಯಾಪ್ ಎಂಬ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಅದು 2023ರಲ್ಲಿ ತೆರೆದದ್ದು. ಅಲ್ಲಿ ಟಿ. ಎಸ್. ಸತ್ಯನ್ ಅವರು ತೆಗೆದ ಕಪ್ಪು ಬಿಳುಪಿನ ಫೋಟೋಗಳನ್ನು ನೋಡಿದೆ. ರಾಜರು, ಸಿನಿಮಾದವರು ಇರ್ತಾರ ಅಂದುಕೊಂಡಿದ್ದೆ. ನೋಡಿದರೆ ಹೆಚ್ಚಿನವು ನಮ್ಮಂಥವರವೇ. ಮಕ್ಕಳು, ದುಡಿಯುವ ಮಂದಿ, ಸಣ್ಣ ಊರಿನ ಓಣಿ.

"ಇದನ್ನ ನೋಡಾಕ ಇಲ್ಲೀತನಕ ಬರಬೇಕಿತ್ತೇನ್ರಿ ಕಾಕಾ? ನಮ್ಮೂರ ಸಂತ್ಯಾಗ ವಾರಾ ವಾರಾ ಕಾಣತೈತಿ" ಅಂದೆ.

"ನಮ್ಮೂರ ಸಂತಿ ಐವತ್ತು ವರ್ಷದ ಹಿಂದ ಹೆಂಗಿತ್ತು? ತೋರಸು ನೋಡೋಣು" ಅಂದರು. ನಾನು ಸುಮ್ಮನಾದೆ.

ಸತ್ಯನ್ ಅವರು 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಸೇರಿದರು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರು ತೆಗೆದ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿದರು. 2009ರಲ್ಲಿ ತೀರಿಕೊಂಡರು.

ಆ ಫೋಟೋಗಳು ಎಷ್ಟು ಸ್ವಚ್ಛ ಉಳಿದಾವ ಅಂತ ನೋಡಿ ನನಗೆ ನಮ್ಮ ಮನೆಯ ಗೋಡೆ ನೆನಪಾಯಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ನಾವು ಜೀವ ಉಳಿಸಿಕೊಂಡು ಹೋದೆವು, ಫೋಟೋ ಯಾರು ನೆನಸತಾರ? ನೀರು ಇಳಿದ ಮೇಲೆ ಅಪ್ಪ ಎರಡು ಫೋಟೋಗಳನ್ನು ಫ್ರೇಮ್ ಸಮೇತ ಬಿಸಿಲಿಗೆ ಇಟ್ಟರು. ಒಣಗಿದ ಮೇಲೆ ಅಪ್ಪನ ಮದುವಿ ಫೋಟೋ ಕೀಳಲು ಹೋದರೆ ಮುಖಗಳೆಲ್ಲ ಗಾಜಿಗೇ ಉಳಿದವು, ಕೈಯಲ್ಲಿ ಬಂದದ್ದು ಬರೀ ಬಿಳಿ ಕಾಗದ. ಮುತ್ಯಾನ ಫೋಟೋ ಮುಟ್ಟಲಿಲ್ಲ. ಅವರದ್ದು ಇರುವುದು ಅದೊಂದೇ.

ಹೀಗೇಕೆ ಆಯಿತು ಎಂದು ಕಾಕಾನ ಪರಿಚಯದ ಸ್ಟುಡಿಯೋದವರನ್ನು ಕೇಳಿದೆ. ಹಳೆಯ ಫೋಟೋದಲ್ಲಿ ಕಪ್ಪಾಗಿ ಕಾಣುವುದು ಬಣ್ಣವಲ್ಲ, ಬೆಳ್ಳಿಯ ಸಣ್ಣ ಕಣಗಳು! ಅವು ಜಿಲಾಟಿನ್ ಎಂಬ ಪದರದಲ್ಲಿ ಇರುತ್ತವೆ. ಜಿಲಾಟಿನ್ ಅಂದರೆ ದನದ ಎಲುಬು, ಚರ್ಮದಿಂದ ತೆಗೆದ ಅಂಟು. ನೀರು ಕುಡಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಗಾಜಿಗೆ ತಾಗಿಕೊಂಡೇ ಒಣಗಿದರೆ ಬಿಡುವುದಿಲ್ಲ.

ಆದ್ದರಿಂದ ಫೋಟೋ ತೊಯ್ದರೆ ಕಟ್ಟಿನಲ್ಲೇ ಒಣಗಲು ಬಿಡಬಾರದು. ಒಂದಕ್ಕೊಂದು ಅಂಟಿದ್ದರೆ ಸ್ವಚ್ಛ ತಣ್ಣೀರಿನಲ್ಲಿ ನೆನೆಹಾಕಿ, ತಾವಾಗಿ ಸಡಿಲಾದ ಮೇಲೆ ಬಿಡಿಸಬೇಕು. ಚಿತ್ರದ ಮೇಲೆ ಬೆರಳು ತಾಗಬಾರದು, ಅರಿವೆಯಿಂದ ಒರೆಸಬಾರದು. ನೆರಳಿನಲ್ಲಿ, ಗಾಳಿ ಆಡುವ ಕಡೆ, ಚಿತ್ರ ಮೇಲೆ ಮಾಡಿ ಒಂದೊಂದಾಗಿ ಹರವಬೇಕು. ಗಾಜಿಗೆ ಅಂಟಿ ಒಣಗಿಬಿಟ್ಟಿದ್ದರೆ ಕೀಳಬಾರದು, ಗಾಜಿನ ಸಮೇತ ನಕಲು ತೆಗೆಯಬೇಕು.

ಊರಿಗೆ ಬಂದಾಗ ನಮ್ಮ ಆಯಿ ಅದೇ ಫ್ರೇಮ್ ಕೆಳಗೆ ಇಳಿಸಿ ಕುಂತಿದ್ದಳು. ಗಾಜು ಸೀಳಿತ್ತು. "ಕಾಜು ತಗದು ಬ್ಯಾರೇದು ಹಾಕಸೂಣು" ಅಂದಳು. ನನ್ನ ಎದಿ ಧಸಕ್ಕ ಅಂತು. ಕೈ ಹಿಡಿದು ಬಿಡಿಸಿದೆ. ಬಾಗಿಲ ಹತ್ತಿರ ಪಕ್ಕದಿಂದ ಬೆಳಕು ಬೀಳುವಂತೆ ನಿಲ್ಲಿಸಿ ಮೊಬೈಲಿನಲ್ಲಿ ತೆಗೆದರೆ ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಅಪ್ಪ ನನ್ನ ಮುಂದೆ ಮುತ್ಯಾನ ಕರಿಕಂಬಳಿ ಅಡ್ಡ ಹಿಡಿದರು, ನಡುವಿನ ತೂತಿನಿಂದ ತೆಗೆದೆ. (ಕಂಬಳಿಗೆ ತೂತು ಮೊದಲೇ ಇತ್ತು.) ಮುತ್ಯಾ ಚೊಲೋ ಬಂದರು.

ಪ್ರದರ್ಶನದಲ್ಲಿ ಫೋಟೋಗಳ ಜೊತೆ ಚೀಟಿ ಇದ್ದವು. ನಮ್ಮದರ ಹಿಂದೆ ಏನೂ ಇಲ್ಲ. ಇಸವಿ ಆಯಿಗೂ ನೆನಪಿಲ್ಲ, "ಬ್ರಾಡ್‌ಗೇಜ್ ಬರೂಕಿಂತ ಮೊದಲ, ಸಣ್ಣ ರೈಲಿನ್ಯಾಗ ಗದಗಿಗೆ ಹೋಗಿ ತಗಸಿದ್ದು" ಅಂದಳು. ಹೊಸ ನಕಲಿನ ಹಿಂದೆ ಅದನ್ನೇ ಪೆನ್ಸಿಲಿನಿಂದ ಹಗುರಾಗಿ ಬರೆದಿದ್ದೇನೆ. ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ.

ಆ ಸಣ್ಣ ರೈಲು ನಮ್ಮ ಸ್ಟೇಷನ್ನಿನಲ್ಲಿ ನಿಂತ ಫೋಟೋ ನಾಲ್ಕು ಮನೆ ಕೇಳಿದರೂ ಸಿಗಲಿಲ್ಲ. ರೈಲಿನದ್ದಾಗಲಿ, ಹಳೆಯ ಸಂತೆಯದ್ದಾಗಲಿ ನಿಮ್ಮ ಮನೆಯಲ್ಲಿ ಇದ್ದರೆ ತಿಳಿಸಿರಿ. ಫ್ರೇಮಿನಿಂದ ತೆಗೆದು ತರಬ್ಯಾಡ್ರಿ, ಕಂಬಳಿ ಹಿಡಕೊಂಡು ನಾವೇ ಬರತೀವಿ.