ಎಡಿನ್‌ಬರೋಗೆ ಓದಲು ಹೊರಟವರಿಗೆ

ತರಗತಿಗಳ ಒತ್ತಡ ಏರುವ ಮುನ್ನವೇ ಊರನ್ನು ನಡೆದು ನೋಡಿಬಿಡಿ. ಕೋಟೆಯಿಂದ ಹೋಲಿರೂಡ್ ಅರಮನೆಯವರೆಗೆ ಇಳಿಯುವ ರಾಯಲ್ ಮೈಲ್ ಹಳೇ ಪಟ್ಟಣದ ಬೆನ್ನೆಲುಬು. ಅಲ್ಲಿ ಪ್ರವಾಸಿಗರ ನೂಕುನುಗ್ಗಲು. ಇಕ್ಕೆಲದ ‘ಕ್ಲೋಸ್’ ಎಂಬ ಇಕ್ಕಟ್ಟು ಓಣಿಗಳಿಗೆ ನುಗ್ಗಿ, ನಿಜವಾದ ಹಳೇ ಊರು ಅಲ್ಲಿದೆ.

ಫೋನಿನ ನಕ್ಷೆಯನ್ನು ಪೂರ್ತಿ ನಂಬಬೇಡಿ. ಕೌಗೇಟ್ ಬೀದಿಯೂ ಸೌತ್ ಬ್ರಿಡ್ಜೂ ಅದರಲ್ಲಿ ಕೂಡಿದಂತೆ ಕಾಣುತ್ತವೆ. ನಿಜದಲ್ಲಿ ಒಂದು ಕೆಳಗೆ, ಇನ್ನೊಂದು ಸೇತುವೆಯಾಗಿ ಅದರ ಮೇಲೆ. ಹತ್ತಿಳಿಯುವ ಸಮಯ ಸೇರಿಸಿಯೇ ಮನೆಯಿಂದ ಹೊರಡಿ.

ಮಧ್ಯಾಹ್ನ 1 ಗಂಟೆಗೆ ಕೋಟೆಯಲ್ಲಿ ಫಿರಂಗಿ ಸಿಡಿದರೆ ಗಾಬರಿ ಬೇಡ. 1861ರಿಂದ ನಡೆದುಬಂದ ರೂಢಿ, ಭಾನುವಾರ ಬಿಡುವು.

ಮಳೆ ಬಂದರೆ ನ್ಯಾಷನಲ್ ಮ್ಯೂಸಿಯಂ ಹೊಕ್ಕುಬಿಡಿ, ಪ್ರವೇಶ ಉಚಿತ. ಛತ್ರಿ ಗಾಳಿಗೆ ನಿಲ್ಲದು, ಟೋಪಿಯಿರುವ ಜಾಕೆಟ್ಟೇ ವಾಸಿ. ವಯಸ್ಸು 22 ತುಂಬಿಲ್ಲವೇ? ಈ ಊರಿನಲ್ಲಿ ವಾಸವಿರುವ ವಿದ್ಯಾರ್ಥಿಗಳಿಗೆ ಬಸ್ ಪ್ರಯಾಣ ಉಚಿತ. ಅದಕ್ಕೆ ಬೇಕಾದ ಕಾರ್ಡಿಗೆ ಬೇಗ ಅರ್ಜಿ ಹಾಕಿ.

251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಗುಡ್ಡವನ್ನು ಸೆಪ್ಟೆಂಬರಿನಲ್ಲೇ ಹತ್ತಿಬಿಡಿ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಒಬ್ಬರೇ ಹೋಗಬೇಡಿ, ಹೊಸ ಸಹಪಾಠಿಯನ್ನು ಕರೆದುಕೊಳ್ಳಿ. ಊರಿನ ಜತೆ ಸ್ನೇಹವೂ ಸಿಗುತ್ತದೆ.